ಬರೆದಿಟ್ಟ ಪ್ರಾರ್ಥನೆಗಳು: ಗೆಳತಿಗೊಂದು ಪತ್ರ

ಪ್ರೀತಿಯ ಗೆಳತಿಗೆ,

ನಿನ್ನ ಪತ್ರ ತಲುಪಿ ಹತ್ತು ದಿನವಾಯಿತು. ಇಲ್ಲಿ ರೋಬಸ್ಟಾ ಕೊಯ್ಲಿನ ಕಾಲ. ಕಣದಲ್ಲಿ ಹರವಿದ ಕಾಫಿಯನ್ನು ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುವಷ್ಟರಲ್ಲಿ ಕತ್ತಲಾಗಿಬಿಡುತ್ತದೆ. ಆದರೆ ಉತ್ತರ ತಡವಾಗಲು ಅದೊಂದೇ ಕಾರಣವಲ್ಲ. ಮೊಣಕಾಲೂರಿದರೂ ಮಾತು ಹೊರಡುವುದಿಲ್ಲ, ದೇವರ ಮುಂದೆ ನಟಿಸುತ್ತಿರುವ ಹಾಗೆ ಅನ್ನಿಸುತ್ತದೆ ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿ ಸುಮ್ಮನೆ ಕುಳಿತುಬಿಟ್ಟೆ. ಅಮ್ಮ ತೀರಿಕೊಂಡ ವರ್ಷ ನನ್ನದೂ ಅದೇ ಸ್ಥಿತಿ. ಯಾರಿಗೂ ಹೇಳಿರಲಿಲ್ಲ, ನಿನಗೂ.

ನಾವು ಬೆಳೆದದ್ದು ಹೇಗೆಂದು ನಿನಗೆ ಗೊತ್ತು. ಸ್ತ್ರೀಯರ ಕೂಟದಲ್ಲಿ ಕಣ್ಣು ಮುಚ್ಚಿ, ಮನಸ್ಸಿಗೆ ಬಂದಂತೆ ಹೇಳಿದ್ದೇ ಪ್ರಾರ್ಥನೆ. ಪುಸ್ತಕ ನೋಡಿ ಹೇಳಿದರೆ ಅದು ಬಾಯಿಪಾಠ. ಪಕ್ಕದ ಮನೆಯ ಅಕ್ಕ ವಿರಾಜಪೇಟೆಯ ಸಂತ ಅನ್ನಮ್ಮ ಕ್ಯಾಥೊಲಿಕ್ ದೇವಾಲಯಕ್ಕೆ ಹೋಗುವವರು. ಅವರು ಜಪಸರ ಹಿಡಿದು ಕುಳಿತಾಗ ನಾನು ಒಳಗೊಳಗೇ ಅವರನ್ನು ಕನಿಕರದಿಂದ ನೋಡುತ್ತಿದ್ದೆ. ಅದನ್ನು ನೆನೆದರೆ ಇಂದು ನೋವಾಗುತ್ತದೆ. ಅಮ್ಮನ ಕೊನೆಯ ವಾರದಲ್ಲಿ ನನ್ನ ಬಾಯಿ ಕಟ್ಟಿತ್ತು. ಹಾಸಿಗೆಯ ಪಕ್ಕದಲ್ಲಿ ಪ್ರಾರ್ಥಿಸುತ್ತಿದ್ದವರು ಆ ಅಕ್ಕ. 1792ರಲ್ಲಿ ಸ್ಥಾಪನೆಯಾದ ದೇವಾಲಯ ಅದು. ಎಷ್ಟು ತಲೆಮಾರಿನ ಹೆಂಗಸರು ಅಲ್ಲಿ ಬರೆದಿಟ್ಟ ಮಾತುಗಳನ್ನು ಹಿಡಿದುಕೊಂಡು ಸಾವಿನ ಮನೆಗಳಲ್ಲಿ ಕುಳಿತಿರಬಹುದು!

ಆಮೇಲೆ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯವನ್ನು ಮತ್ತೆ ತೆರೆದೆ. ಬರಿಯ ಮಾತುಗಳನ್ನು ಸುಮ್ಮನೆ ಹೇಳುತ್ತಾ ಹೋಗಬೇಡಿರೆಂದು ಯೇಸು ಎಚ್ಚರಿಸುವುದು 7ನೆಯ ವಚನದಲ್ಲಿ. ನಾವು ಎತ್ತಿ ಹೇಳುತ್ತಿದ್ದದ್ದು ಅದೊಂದನ್ನೇ. ಎರಡೇ ವಚನ ದಾಟಿದರೆ, ಹೀಗೆ ಪ್ರಾರ್ಥಿಸಿರಿ ಎಂದು ಆತನೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪ್ರಾರ್ಥನೆಯನ್ನು ಕಲಿಸಿಕೊಡುತ್ತಾನೆ. ಶಿಲುಬೆಯ ಮೇಲೆ ಆತನ ಬಾಯಿಂದ ಹೊರಟ 'ನನ್ನ ದೇವರೇ, ನನ್ನ ದೇವರೇ' ಎಂಬ ಕೂಗು ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿರುವ 22ನೆಯ ಕೀರ್ತನೆಯ ಮೊದಲ ಸಾಲು. ಪ್ರಾಣ ಹೋಗುವ ಹೊತ್ತಿನಲ್ಲಿ ದೇವರ ಮಗನೇ ಮೊದಲೇ ಬರೆದಿಟ್ಟ ಮಾತನ್ನು ಆಶ್ರಯಿಸಿದ ಮೇಲೆ, ಅದು ನನ್ನ ಸ್ವಂತ ಮಾತಲ್ಲ ಎಂದು ನಾನೇಕೆ ಹಿಂಜರಿಯಲಿ?

ಹಾಗೆ ಕೀರ್ತನೆಗಳನ್ನು ನೋಟ್‌ಪುಸ್ತಕದಲ್ಲಿ ನಕಲು ಮಾಡತೊಡಗಿದೆ. ಕೈಯಿಂದಲೇ ಬರೆಯಬೇಕು ಗೆಳತಿ, ಮೊಬೈಲಿನಲ್ಲಿ ಓದಿದರೆ ಕಣ್ಣು ಜಾರಿಬಿಡುತ್ತದೆ. ದಿನಕ್ಕೆ ನಾಲ್ಕೈದು ವಚನ ಸಾಕು. ಬರೆದು, ಗಟ್ಟಿಯಾಗಿ ಓದಿ, ಯಾವ ಸಾಲು ಚುಚ್ಚುತ್ತದೆಯೋ ಅಲ್ಲಿ ನಿಲ್ಲುತ್ತಿದ್ದೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು 88ನೆಯ ಕೀರ್ತನೆ. ಉಳಿದ ಅನೇಕ ಅಳಲಿನ ಕೀರ್ತನೆಗಳು ಕೊನೆಗೆ ಸ್ತೋತ್ರದ ಕಡೆಗೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಹೀಬ್ರೂ ಮೂಲದಲ್ಲಿ ಇದರ ಕಟ್ಟಕಡೆಯ ಪದವೇ ಕತ್ತಲೆ. ದೇವರಿಗೆ ಇಷ್ಟು ನೇರವಾಗಿ ದೂರು ಹೇಳಬಹುದೆಂದು ನನಗೆ ಯಾರೂ ಕಲಿಸಿರಲಿಲ್ಲ. ಆ ಸಂಜೆ, ಅಮ್ಮನ ಮಣ್ಣಾದ ಮೇಲೆ ಮೊದಲ ಬಾರಿಗೆ, ಪ್ರಾರ್ಥನೆಯಲ್ಲಿ ಅತ್ತೆ.

ಇನ್ನೊಂದನ್ನೂ ಕಂಡುಕೊಂಡೆ. ನನ್ನ ಸ್ವಂತ ಪ್ರಾರ್ಥನೆ ಬಹಳ ಚಿಕ್ಕದಾಗಿಬಿಟ್ಟಿತ್ತು: ಮಕ್ಕಳು, ಮನೆಯವರ ಸಕ್ಕರೆ ಕಾಯಿಲೆ, ಕರಿಮೆಣಸಿನ ಬೆಲೆ. ರಾತ್ರಿಯ ಹಳೆಯ ಪ್ರಾರ್ಥನೆಯೊಂದರಲ್ಲಿ, ಈ ರಾತ್ರಿ ದುಡಿಯುವವರ, ಎಚ್ಚರವಿರುವವರ, ಅಳುವವರ ಬಳಿಯಲ್ಲಿ ನೀನಿರು ಎಂಬ ಬೇಡಿಕೆಯಿದೆ. ಅದನ್ನು ಹೇಳುತ್ತಿದ್ದಾಗ ತೋಟದ ಕೆಲಸದವರ ಲೈನ್ ಮನೆಯಲ್ಲಿ ಮಗುವೊಂದು ಕೆಮ್ಮುವುದು ಕೇಳಿಸಿತು. ಅಸ್ಸಾಮಿನಿಂದ ಕೊಯ್ಲಿಗೆ ಬಂದ ಸಂಸಾರ. ಮೂರು ವಾರದಿಂದ ನಮ್ಮ ತೋಟದಲ್ಲೇ ಇದ್ದಾರೆ, ಆ ತಾಯಿಗಾಗಿ ನಾನು ಒಮ್ಮೆಯೂ ಪ್ರಾರ್ಥಿಸಿರಲಿಲ್ಲ. ಅಮೆನ್ ಹೇಳಿ ಎದ್ದು, ಬಿಸಿನೀರು, ಜೇನು ತೆಗೆದುಕೊಂಡು ಹೋದೆ. ಬೆಳಿಗ್ಗೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ದೆವು.

ಕೆಲವು ದಿನ ಬರಿದೇ ಓದಿ ಮುಗಿಸುತ್ತೇನೆ, ಏನೂ ಅನ್ನಿಸುವುದಿಲ್ಲ. ಆ ದಿನಗಳನ್ನೂ ದೇವರು ಲೆಕ್ಕಕ್ಕೆ ಹಿಡಿಯುತ್ತಾನೆಂದು ನಂಬಿದ್ದೇನೆ. ನಿಧಾನವಾಗಿ ನನ್ನವೇ ಮಾತುಗಳೂ ಮರಳುತ್ತಿವೆ. ನಕಲು ಮಾಡಿದ ಕೀರ್ತನೆಯ ಎದುರು ಪುಟದಲ್ಲಿ ಅವನ್ನು ಬರೆದಿಡುತ್ತೇನೆ: ಮೊದಲು ಆತನನ್ನು ಕರೆಯುವುದು, ಆತನು ಎಂಥವನೆಂದು ನೆನೆಯುವುದು, ಬೇಕಾದದ್ದನ್ನು ಕೇಳುವುದು, ಏತಕ್ಕೆ ಬೇಕೆಂದು ಹೇಳುವುದು, ಕೊನೆಗೆ ಯೇಸುವಿನ ಹೆಸರು. ಆರಾಧನೆಯಲ್ಲಿ ಪಾದ್ರಿ ಅಯ್ಯನವರು ಓದುವ ಚಿಕ್ಕ ಪ್ರಾರ್ಥನೆಗಳ ಅಚ್ಚು ಅದೇ. ಇಷ್ಟು ವರ್ಷ ಕೇಳಿದ್ದರೂ ನಾನು ಗಮನಿಸಿರಲಿಲ್ಲ.

ಬುಧವಾರ ನಮ್ಮ ಮೈದುನ ಮೈಸೂರಿಗೆ ಬರುತ್ತಾನೆ. ಅವನ ಕೈಯಲ್ಲಿ ಒಂದು ಕಿಲೋ ಮೆಣಸು, ಒಂದು ಹೊಸ ನೋಟ್‌ಪುಸ್ತಕ ಕಳಿಸುತ್ತಿದ್ದೇನೆ. ಮೊದಲ ಪುಟದಲ್ಲಿ 88ನೆಯ ಕೀರ್ತನೆಯನ್ನು ನಿನಗಾಗಿ ಬರೆದಿದ್ದೇನೆ. ಎದುರು ಪುಟ ಖಾಲಿ ಬಿಟ್ಟಿದ್ದೇನೆ. ಅವಸರವಿಲ್ಲ.

ನಿನ್ನ ಗೆಳತಿ,
ಸಿದ್ದಾಪುರದಿಂದ