ನಾಳೆಯ ಕ್ಲಾಸಿಗೆ ಮುಂಚೆ ಒಣದ್ರಾಕ್ಷಿ ನೆನೆಹಾಕಿ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ 10ಕ್ಕೆ ಜೀವಶಾಸ್ತ್ರ ಕ್ಲಾಸ್ ಇದೆ. ಇವತ್ತು ರಾತ್ರಿ ಐದು ಒಣದ್ರಾಕ್ಷಿಯನ್ನು ಬರೀ ನೀರಲ್ಲಿ, ಇನ್ನೈದನ್ನು ಗಟ್ಟಿ ಸಕ್ಕರೆ ಪಾಕದಲ್ಲಿ ಹಾಕಿಡಿ. ಬೆಳಿಗ್ಗೆ ಕಂಡಿದ್ದನ್ನು ಬರೆದುಕೊಂಡು ಬನ್ನಿ.

ನೀರಲ್ಲಿದ್ದವು ಚೆನ್ನಾಗಿ ಉಬ್ಬುತ್ತವೆ. ಒಣದ್ರಾಕ್ಷಿಯ ಪೊರೆ ತನ್ನ ಮೂಲಕ ನೀರನ್ನು ಹಾದುಹೋಗಲು ಬಿಡುತ್ತದೆ, ಸಕ್ಕರೆಯನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಕರಗಿದ ಪದಾರ್ಥ ಜಾಸ್ತಿ ಇರುವ ಕಡೆಗೆ ನೀರು ಹೋಗುತ್ತದೆ. ಇದೇ ಅಭಿಸರಣೆ.

ನಮ್ಮ ಗಂಗಾವತಿ, ಸಿಂಧನೂರು ಕಡೆ ಸವಳು ಹೊಲ ನೋಡಿದ್ದೀರಿ ಅಲ್ವಾ? ಮಣ್ಣಲ್ಲಿ ನೀರಿದ್ದರೂ ಪೈರು ಬಾಡುತ್ತದೆ. ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆದುಕೊಳ್ಳುವುದು ಕಷ್ಟ. ನಿಮ್ಮಲ್ಲಿ ಕೆಲವರ ಮನೆಯವರು ಈ ನಷ್ಟ ಅನುಭವಿಸಿದ್ದಾರೆ. ಅದಕ್ಕೇ ಹೇಳುತ್ತೇನೆ, ಈ ಪಾಠವನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಹೊಲ ನೆನಪಿಟ್ಟುಕೊಂಡು ಓದಿ.

ದ್ಯುತಿಸಂಶ್ಲೇಷಣೆ, ಅಂದರೆ ಎಲೆ ಬೆಳಕಿನಲ್ಲಿ ಆಹಾರ ತಯಾರಿಸುವುದರ ಬಗ್ಗೆ ಒಂದೇ ಮಾತು. ಎಲೆಯಿಂದ ಹೊರಬರುವ ಆಮ್ಲಜನಕ ನೀರಿನದು, ಇಂಗಾಲದ ಡೈಆಕ್ಸೈಡಿನದಲ್ಲ. ಕಳೆದ ಟೆಸ್ಟಿನಲ್ಲಿ ತುಂಬಾ ಜನ ಇದನ್ನೇ ತಪ್ಪು ಬರೆದಿದ್ದೀರಿ. 1941ರಲ್ಲಿ ವಿಜ್ಞಾನಿಗಳಾದ ರೂಬೆನ್, ಕಾಮೆನ್ ಮತ್ತು ಜೊತೆಗಾರರು ಆಮ್ಲಜನಕ-18 (ಆಮ್ಲಜನಕದ ಭಾರವಾದ ರೂಪ) ಇರುವ ನೀರು ಬಳಸಿ ಇದನ್ನು ತೋರಿಸಿದರು.

ಬರಲು ಆಗದವರು ಇವತ್ತೇ ಇಲ್ಲಿ ತಿಳಿಸಿ.