ಕಂಡೆನ್ಸರ್ ಕೊಟ್ಟು ನೂರನೇ ಗಾಡಿ ತೋರಿಸಿದವರಿಗೆ

ಹಳೇ ಬೈಕುಗಳ ಬಗ್ಗೆ ಬರೆಯುವ ನನ್ನ ಹವ್ಯಾಸಕ್ಕೆ ಮೊನ್ನೆ ನೂರು ತುಂಬಿತು. ನೂರು ಗಾಡಿ, ನಾಲ್ಕು ನೋಟ್‌ಬುಕ್. ಆದರೆ ನೂರನೆಯದು ನಾನು ಹುಡುಕಿಕೊಂಡು ಹೊರಟ ಗಾಡಿ ಅಲ್ಲವೇ ಅಲ್ಲ.

ತುಮಕೂರಿನಿಂದ ಮಧುಗಿರಿಗೆ ಹೊರಟಿದ್ದೆ. ಕೊರಟಗೆರೆ ದಾಟಿದ ಮೇಲೆ ನನ್ನ ಯೆಜ್ಡಿ ಕೆಮ್ಮಿ ನಿಂತಿತು. ತಣ್ಣಗಾದರೆ ಸ್ಟಾರ್ಟ್, ಬಿಸಿಯಾದರೆ ಮತ್ತೆ ಸುಮ್ಮನೆ. ಪೆಟ್ರೋಲ್ ಕಸ ಅಂದುಕೊಂಡು ಕಾರ್ಬುರೇಟರ್ ಬಿಚ್ಚಿದೆ. (ನೂರು ಗಾಡಿ ಬರೆದವನ ಬುದ್ಧಿ ನೋಡಿ!) ಪಕ್ಕದ ಅಡಿಕೆ ತೋಟದಿಂದ ಬಂದ ನೀವು ಪಾಯಿಂಟಿನ ಕಿಡಿ ನೋಡಿ, "ಕಂಡೆನ್ಸರ್ ಸತ್ತೈತೆ, ಅದ್ಯಾಕ್ ಬಿಚ್ಚಿದ್ರಿ?" ಅಂದ್ರಿ. (ಪಾಯಿಂಟ್ ಅಂದ್ರೆ ಪ್ಲಗ್ಗಿನ ಕಿಡಿಗಾಗಿ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚು; ಅದು ಕಿಡಿಗೆ ಸುಡದಂತೆ ಕಾಯೋದು ಕಂಡೆನ್ಸರ್.) ಬಿಸ್ಕತ್ ಡಬ್ಬಿಯಿಂದ ಹಳೇ ಕಂಡೆನ್ಸರ್ ತೆಗೆದು ಹಾಕಿದಿರಿ. ಪಾಯಿಂಟ್ ಗ್ಯಾಪನ್ನೂ ಸರಿಮಾಡಿ ಕೊಟ್ಟಿರಿ. ಒಂದೇ ಕಿಕ್ಕು!

ಡಬ್ಬಿಯಲ್ಲಿ ಆ ಸಾಮಾನು ಯಾಕಿದೆ ಅಂತ ಕೇಳಿದ್ದಕ್ಕೆ ಕೊಟ್ಟಿಗೆಗೆ ಕರೆದೊಯ್ದು ಗೋಣಿಚೀಲ ಸರಿಸಿದಿರಿ. ಕೆಂಪು ಜಾವಾ. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಸಾಲಿನದು. ಟ್ಯಾಂಕ್ ಮೇಲೆ ಕೋಳಿಗಳು ಕೂತ ಗುರುತು ಹಾಗೇ ಇತ್ತು. ಎಡಗಡೆಯ ಒಂದೇ ಲಿವರ್, ಒಳಗೊತ್ತಿ ತಿರುಗಿಸಿದರೆ ಕಿಕ್ಕರ್, ಬಿಟ್ಟರೆ ಗೇರು. ಅದನ್ನು ನೀವು ಬರಿಗಾಲಲ್ಲಿ ತೋರಿಸಿದ್ದು ಕಣ್ಣಿಗೆ ಕಟ್ಟಿದೆ. ಮಧುಗಿರಿಯ ಗಾಡಿ ಕಾಯಲಿ ಅಂತ ಅಲ್ಲೇ ಕೂತು ಬರೆದೆ.

ದುಡ್ಡು ಬೇಡ ಅಂದ್ರಿ, ಮಜ್ಜಿಗೆ ಕೊಟ್ರಿ. ಹೆಸರು ಕೇಳಿದರೆ "ಗಾಡಿ ಹೆಸರು ಬರ್ಕಳಿ ಸಾಕು" ಅಂದ್ರಿ. ಬರೆದಿದ್ದೇನೆ. ತುಂಬಾ ಧನ್ಯವಾದ, ಯಜಮಾನ್ರೇ. ಹೊಸ ಕಂಡೆನ್ಸರ್ ಎರಡು ತೆಗೆದಿಟ್ಟಿದ್ದೇನೆ, ಮುಂದಿನ ಭಾನುವಾರ ತರುತ್ತೇನೆ.