ಮೆಣಸು ಹಂಚಿ ಹೋದ ಸಂತ ಬೀಡ್

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮೇ 25ರಂದು ಪತ್ರಿಕೆ ಕೈಗೆ ಬಂದ ಕೂಡಲೇ ಆ ದಿನದ ವಿಶೇಷಗಳ ಪಟ್ಟಿ ಹುಡುಕುತ್ತೇನೆ. ಅದರಲ್ಲಿ 8ನೇ ಶತಮಾನದ ಇಂಗ್ಲೆಂಡಿನ ಸನ್ಯಾಸಿ, ಇತಿಹಾಸಕಾರ ಸಂತ ಬೀಡ್ ಹೆಸರು ನನಗಿನ್ನೂ ಸಿಕ್ಕಿಲ್ಲ. ಅಂದು ಅವರ ಸ್ಮರಣೆಯ ದಿನ.

ಪತ್ರಿಕೆಯ ನೆತ್ತಿಯ ಮೇಲೆ ನೀವು ದಿನಾ ಅಚ್ಚು ಹಾಕುವ ಇಸವಿ ಇದೆ ಅಲ್ವಾ? ಆ ಎಣಿಕೆ ರೂಢಿಗೆ ಬಂದದ್ದರಲ್ಲಿ ಇವರ ಪಾಲು ದೊಡ್ಡದು. ಕ್ರಿಸ್ತನ ಹುಟ್ಟಿನಿಂದ ವರ್ಷ ಎಣಿಸುವ ಲೆಕ್ಕ ಹಾಕಿದವರು 6ನೇ ಶತಮಾನದ ಡಯೊನಿಸಿಯಸ್ ಎಂಬ ಸನ್ಯಾಸಿ, ನಿಜ. ಆದರೆ ಅವರಿಗೆ ಅದು ಬೇಕಾಗಿದ್ದು ಈಸ್ಟರ್ ಹಬ್ಬದ ದಿನ ಗೊತ್ತುಮಾಡಲು. ಬೀಡ್ 731ರಲ್ಲಿ ಇಂಗ್ಲಿಷ್ ಜನರ ಧರ್ಮದ ಇತಿಹಾಸ ಬರೆದು ಮುಗಿಸಿದಾಗ ಅದೇ ಲೆಕ್ಕವನ್ನು ಪುಸ್ತಕದ ಉದ್ದಕ್ಕೂ ಬಳಸಿದರು. ಆ ಪುಸ್ತಕ ಹೋದಲ್ಲೆಲ್ಲ ಲೆಕ್ಕವೂ ಹೋಯಿತು.

ಇಂಗ್ಲೆಂಡಿನ ಈಶಾನ್ಯದಲ್ಲಿರುವ ಜಾರೋ ಅವರ ಊರು. ಏಳನೇ ವಯಸ್ಸಿಗೆ ಮನೆಯವರು ಮಠಕ್ಕೆ ಒಪ್ಪಿಸಿದರು. ಆಮೇಲೆ ಬದುಕೆಲ್ಲ ಮಠದಲ್ಲೇ. ಹಾಗೆ ಒಂದು ಮೂಲೆಯಲ್ಲಿ ಕೂತವರ ಹೆಸರು 1300 ವರ್ಷ ಉಳಿಯಿತು. ಹೇಗೆ? ಯಾವ ಸಂಗತಿ ಯಾರಿಂದ ತಿಳಿಯಿತು ಎಂದು ಅವರು ಮುನ್ನುಡಿಯಲ್ಲೇ ಬರೆದಿಟ್ಟಿದ್ದಾರೆ. ನಾಥೆಲ್ಮ್ ಎಂಬ ಪಾದ್ರಿ ರೋಮಿಗೆ ಹೋಗಿ, ಪೋಪರ ಕಡತದಲ್ಲಿದ್ದ ಹಳೇ ಪತ್ರಗಳನ್ನು ನಕಲು ಮಾಡಿ ತಂದುಕೊಟ್ಟ ವಿಷಯವೂ ಅಲ್ಲಿದೆ. ನಂಬಿಕೆ ಹುಟ್ಟುವುದು ಇಂಥದ್ದರಿಂದಲೇ. ದನ ಕಾಯುತ್ತಿದ್ದ ಕ್ಯಾಡ್ಮನ್ ಹಾಡು ಕಟ್ಟಿದ ಕಥೆಯನ್ನೂ ಬೀಡ್ ಬರೆಯದಿದ್ದರೆ, ಇಂಗ್ಲಿಷಿನ ಆ ಮೊದಮೊದಲ ಕವಿಯ ಹೆಸರೇ ನಮಗೆ ಸಿಗುತ್ತಿರಲಿಲ್ಲ.

ಇತಿಹಾಸಕಾರ ಬೀಡ್ ಬಗ್ಗೆ ನನಗೆ ಗೌರವ. ಪ್ರೀತಿ ಬಂದದ್ದು ಮಾತ್ರ ಅವರು ತೀರಿಕೊಂಡ ದಿನದ ಕಥೆ ಓದಿದ ಮೇಲೆ. ಶಿಷ್ಯ ಕತ್‌ಬರ್ಟ್ ಅದನ್ನು ಒಂದು ಪತ್ರದಲ್ಲಿ ಬರೆದಿದ್ದಾನೆ. 735ನೇ ಇಸವಿ. ಉಸಿರಾಟ ಕಷ್ಟವಾಗಿತ್ತು, ಕಾಲು ಊದಿಕೊಂಡಿತ್ತು. ಆದರೂ ಬೈಬಲಿನ ಯೋಹಾನನ ಸುವಾರ್ತೆಯನ್ನು ತಮ್ಮ ಜನರ ಭಾಷೆಗೆ ತರುತ್ತಾ ಬಾಯಲ್ಲಿ ಹೇಳಿ ಬರೆಸುತ್ತಿದ್ದರು. ಮಧ್ಯಾಹ್ನ ಕಳೆದ ಮೇಲೆ, ಪೆಟ್ಟಿಗೆಯಲ್ಲಿ ಒಂದಿಷ್ಟು ಬೆಲೆಬಾಳುವ ಸಾಮಾನಿದೆ, ಬೇಗ ಓಡಿ ಮಠದ ಪಾದ್ರಿಗಳನ್ನು ಕರೆದು ತಾ ಎಂದರು. ಒಳಗಿದ್ದದ್ದು ಮೆಣಸು, ವಸ್ತ್ರ, ಧೂಪ. ಅಷ್ಟನ್ನೂ ಹಂಚಿದರು. ಸಂಜೆ, ಬರೆದುಕೊಳ್ಳುತ್ತಿದ್ದ ಹುಡುಗ ಇನ್ನೊಂದು ವಾಕ್ಯ ಬಾಕಿ ಇದೆ ಎಂದ. ಬರೆದುಕೋ ಎಂದರು. ಅದೂ ಮುಗಿಯಿತು. ತಮ್ಮ ಕೋಣೆಯ ನೆಲದ ಮೇಲೆ ಕೂತು ದೇವರ ಸ್ತುತಿ ಹಾಡುತ್ತಲೇ ಪ್ರಾಣ ಬಿಟ್ಟರು.

ನಾನು ಶಿರಸಿ ಕಡೆಯವನು. ನಮ್ಮ ತೋಟದ ಅಡಿಕೆ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದೆ. ಕೊಯ್ಲಾದ ಮೇಲೆ ಅಂಗಳದಲ್ಲಿ ಹರಡುತ್ತೇವೆ. ಹಸಿರು ಕಾಳು ಬಿಸಿಲಿಗೆ ಸುಕ್ಕಾಗಿ ಕಪ್ಪಾಗುವಾಗ ಆ ಪೆಟ್ಟಿಗೆ ನೆನಪಾಗುತ್ತದೆ. ಆ ಕಾಲಕ್ಕೆ ಯುರೋಪಿಗೆ ಮೆಣಸು ಹೋಗುತ್ತಿದ್ದದ್ದು ನಮ್ಮ ದೇಶದಿಂದ. ಎಷ್ಟು ಕೈ ದಾಟಿ, ಎಷ್ಟು ಹಡಗು ಹತ್ತಿ ಜಾರೋ ಮುಟ್ಟಿತ್ತೋ! ಹಾಗೆ ಬಂದದ್ದನ್ನು ಅವರು ಹಿಡಿಹಿಡಿಯಾಗಿ ಕೊಟ್ಟು ಹೋದರು.

1899ರಲ್ಲಿ ಪೋಪ್ 13ನೇ ಲಿಯೋ ಅವರು ಬೀಡ್‌ಗೆ ಧರ್ಮಸಭೆಯ ಪಂಡಿತ ಎಂಬ ಪದವಿ ಕೊಟ್ಟರು. ಡರಹಮ್ ಕೆಥೆಡ್ರಲ್‌ನಲ್ಲಿರುವ ಅವರ ಸಮಾಧಿಯನ್ನು ಜನ ಈಗಲೂ ಹೋಗಿ ನೋಡುತ್ತಾರೆ. ಕನ್ನಡದ ಓದುಗರಿಗೂ ಅವರ ಪರಿಚಯ ಆಗಲಿ. ಬರುವ ಮೇ 25ಕ್ಕೆ ದಯವಿಟ್ಟು ನಾಲ್ಕು ಸಾಲು ಹಾಕಿ. ಮೆಣಸಿನ ವಿಷಯ ಮಾತ್ರ ಬಿಡಬೇಡಿ.

ಇಂತಿ,
ಮೆಣಸು ಬೆಳೆಯುವ ಒಬ್ಬ ಓದುಗ, ಶಿರಸಿ